ಅತ್ತೆಯ ರಕ್ತ, ಗಂಡನ ಬೆರಳು

ಅತ್ತೆ ರಕ್ತ ಹೀರುತ್ತಾರೆ ಎಂದು ದೂರುವ ಸೊಸೆಯರು ನನಗೆ ದಿನಾ ಬಸ್ಸಿನಲ್ಲಿ ಸಿಗುತ್ತಾರೆ. ಅತ್ತೆಯ ರಕ್ತವನ್ನೇ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಎಣ್ಣೆ ಬಿಟ್ಟು, ಸಾವಿರ ಪಟ್ಟು ಹಿಗ್ಗಿಸಿ ಒಳಗೇನಿದೆ ಎಂದು ನೋಡುವ ಭಾಗ್ಯ ಮಾತ್ರ ಇಡೀ ಜಿಲ್ಲೆಯಲ್ಲಿ ನನ್ನೊಬ್ಬಳಿಗೇ ಸಿಕ್ಕಿರಬೇಕು. ನಾನು ಸರ್ಕಾರಿ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ಮನೆ ರಾಮನಗರದಲ್ಲಿ, ಗಂಡನ ಊರು ಮಾಗಡಿ ರಸ್ತೆಯಲ್ಲಿ, ಗಂಡನ ಕೆಲಸ ಬಿಡದಿಯ ಕಾರ್ಖಾನೆಯಲ್ಲಿ. ಅವನು ರೈಲಿನಲ್ಲಿ ಒಂದು ಕಡೆಗೆ, ನಾನು ಬಸ್ಸಿನಲ್ಲಿ ಇನ್ನೊಂದು ಕಡೆಗೆ ಹೋಗುವುದರಿಂದ ಸಂಸಾರ ಚೆನ್ನಾಗಿಯೇ ನಡೆದಿದೆ.

ನನ್ನ ಕೆಲಸದಲ್ಲಿ ಮಲೇರಿಯಾ ಹುಡುಕುವುದೂ ಒಂದು. ಈಗ ಅಲ್ಲೇ ಫಲಿತಾಂಶ ತೋರಿಸುವ ಕಿಟ್‌ಗಳು ಬಂದಿವೆ, ಬಂದಷ್ಟೇ ಬೇಗ ಮುಗಿದೂ ಹೋಗುತ್ತವೆ. ಹಾಗಾಗಿ ಹಳ್ಳಿಗಳಿಂದ ಜ್ವರದವರ ರಕ್ತ ಇನ್ನೂ ಗಾಜಿನ ಪಟ್ಟಿಯ ಮೇಲೆಯೇ ಬರುತ್ತದೆ. ಒಂದು ಪಕ್ಕಕ್ಕೆ ದಪ್ಪ ಬೊಟ್ಟು, ಇನ್ನೊಂದು ಪಕ್ಕಕ್ಕೆ ದೋಸೆ ಎಳೆದ ಹಾಗೆ ತೆಳು ಲೇಪ. ರೋಗ ಇದೆಯೋ ಇಲ್ಲವೋ ಎನ್ನುವುದು ದಪ್ಪ ಬೊಟ್ಟಿನಲ್ಲಿ ಗೊತ್ತಾಗುತ್ತದೆ, ಯಾವ ಜಾತಿಯದು ಎನ್ನುವುದು ತೆಳುವಿನಲ್ಲಿ. ಜಾತಿ ಕೇಳದೆ ಔಷಧಿ ಕೊಡುವ ಹಾಗಿಲ್ಲ, ಈ ಒಂದು ವಿಷಯದಲ್ಲಿ ವಿಜ್ಞಾನವೂ ನಮ್ಮೂರೂ ಒಂದೇ. ನಿಯಮದ ಪ್ರಕಾರ ನೂರು ಕಡೆ ನೋಡಬೇಕು. ನಮ್ಮ ಕಡೆ ಮಲೇರಿಯಾ ಅಪರೂಪವಾಗಿ ವರ್ಷಗಳೇ ಆದವು. ನೂರು ಕಡೆ ಕಣ್ಣು ಹಾಯಿಸಿ ಏನೂ ಇಲ್ಲ ಎಂದು ಬರೆಯುವುದೇ ನನ್ನ ಪರಿಣತಿ.

ಹೊಸ ಬಣ್ಣದ ಬಾಟಲಿ ತೆರೆದಾಗ ಬಣ್ಣ ಸರಿಯಾಗಿ ಹಿಡಿಯುತ್ತದೆಯೋ ಇಲ್ಲವೋ ಎಂದು ಗೊತ್ತಿರುವ ರಕ್ತವೊಂದರ ಮೇಲೆ ಪ್ರಯೋಗ ಮಾಡಬೇಕು. ಅದಕ್ಕೆ ನಾನು ಗಂಡನನ್ನು ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಕಾಫಿ ಕೊಟ್ಟು, ಲೋಟ ಹಿಡಿಯದ ಕೈಯ ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದುಕೊಂಡು ಹೋಗುತ್ತೇನೆ. ಮದುವೆಯಾದ ಹೊಸದರಲ್ಲಿ ಅವನಿಗೆ ಇದು ಪ್ರೀತಿ ಅನ್ನಿಸಿತ್ತಂತೆ. ಅವನ ರಕ್ತಕ್ಕೆ ಒಂದು ಗುರುತಿದೆ. ಅಲರ್ಜಿಯವರ ರಕ್ತದಲ್ಲಿ ಹೆಚ್ಚಾಗುವ ಒಂದು ಬಗೆಯ ಬಿಳಿ ಕಣ, ಮೈತುಂಬ ಕಿತ್ತಳೆ ಬಣ್ಣದ ಸಾಸಿವೆ ತುಂಬಿಕೊಂಡಂಥದ್ದು, ಇವನಲ್ಲಿ ಲೆಕ್ಕಕ್ಕಿಂತ ಜಾಸ್ತಿ. ಬೇರೆಯವರಲ್ಲಿ ಹುಡುಕಿ ನೋಡಬೇಕು, ಇವನಲ್ಲಿ ಎಲ್ಲಿ ನೋಡಿದರೂ ಅವೇ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿ, ಹುಳದ ಮನೆ ಬಾಗಿಲಿಗೆ ಬಂದರೆ ಸಾಕು ಸೀನುವ ಮನುಷ್ಯ. ಕಾರ್ಖಾನೆ ಸೇರಿದ್ದು ಮಹತ್ವಾಕಾಂಕ್ಷೆಯಿಂದ ಎಂದು ಹೇಳಿಕೊಳ್ಳುತ್ತಾನೆ. ಸೇರಿದ್ದು ಮೂಗಿನಿಂದ.

ಊರಿನಲ್ಲಿ ಹುಳು ನೋಡಿಕೊಳ್ಳುವವರು ಅತ್ತೆ ಮತ್ತು ಬಾವ. ಹುಳದ ಮನೆಯ ಮಡಿ ಯಾವ ಮಠದಲ್ಲೂ ಇಲ್ಲ. ಒಳಗೆ ಹೋಗುವ ಮೊದಲು ಕಾಲು ತೊಳೆದು ಸುಣ್ಣದ ಪುಡಿ ತುಳಿಯಬೇಕು. ಪೌಡರ್ ಹಾಕಿದ್ದರೆ ಒಳಗಿಲ್ಲ, ಸೆಂಟಿದ್ದರೆ ಒಳಗಿಲ್ಲ, ನಶ್ಯ ಹಾಕುವವರಿಗೆ ಹಿತ್ತಲು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಾನು ಜ್ವರಕ್ಕೆ ಮಲಗಿದ್ದಾಗ ಇದೇ ಮನೆಯಲ್ಲಿ ಮಿಕ್ಸಿ ಓಡುತ್ತಲೇ ಇತ್ತು.

ಇಂಥ ಊರಿನಲ್ಲಿ ಸೊಳ್ಳೆಗೆ ಎದುರಿಲ್ಲ. ಬತ್ತಿ ಹಚ್ಚುವ ಹಾಗಿಲ್ಲ, ದ್ರಾವಣ ಸಿಕ್ಕಿಸುವ ಹಾಗಿಲ್ಲ, ಗೋಡೆಗೆ ಔಷಧಿ ಹೊಡೆಯುವ ಮಾತೇ ಇಲ್ಲ. ಸೊಳ್ಳೆ ಸಾಯುವ ಹೊಗೆಗೆ ಹುಳು ಅದಕ್ಕಿಂತ ಮೊದಲು ಸಾಯುತ್ತದೆ. ಹಿಂದೊಮ್ಮೆ ಯಾರೋ ಉತ್ಸಾಹಿಗಳು ಹೊಗೆ ಯಂತ್ರ ಹೊತ್ತುಕೊಂಡು ಊರೊಳಗೆ ಬಂದಾಗ ಜನ ಯಂತ್ರವನ್ನು ಕಿತ್ತುಕೊಂಡು, ಹುಳು ಗೂಡು ಕಟ್ಟುವ ತನಕ ಅರಳಿಕಟ್ಟೆಗೆ ಕಟ್ಟಿಹಾಕಿದ್ದರು. ಯಂತ್ರ ತಂದವನಿಗೆ ಊಟ ಹಾಕಿ ಕಳಿಸಿದರು, ಯಂತ್ರ ಮಾತ್ರ ಕೊಡಲಿಲ್ಲ.

ಕಳೆದ ಮುಂಗಾರಿನಲ್ಲಿ ಅತ್ತೆ ಮಗಳ ಮನೆಗೆಂದು ಮಂಗಳೂರಿಗೆ ಹೋಗಿ, ಮೊಮ್ಮಗುವನ್ನು ಆಡಿಸಿ, ಅಲ್ಲಿಯ ಮೀನಿನ ವಾಸನೆಗೆ ಬೈದು ವಾಪಸಾದರು. ಬಂದ ಸ್ವಲ್ಪ ದಿನಕ್ಕೆ ಜ್ವರ. ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ, ಮೊದಲು ನಡುಕ, ಆಮೇಲೆ ಬೆಂಕಿ, ಆಮೇಲೆ ಬೆವರು. ಮಾರನೆಯ ದಿನ ಎದ್ದು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೊರಡುವುದು. ಸಕ್ಕರೆ ಕಾಯಿಲೆ ಬೇರೆ ಇದೆ. ಬಾವ ಫೋನಿನಲ್ಲಿ ಇದನ್ನು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ದಿನ ಬಿಟ್ಟು ದಿನ ಅದೇ ಹೊತ್ತಿಗೆ ಬರುವ ಜ್ವರ ಪುಸ್ತಕದಲ್ಲಿ ಓದಿದ ಮಲೇರಿಯಾ ಜ್ವರ, ಮಂಗಳೂರಿನಲ್ಲಂತೂ ಅದು ಇನ್ನೂ ಇದೆ. ಕೂಡಲೇ ರಕ್ತ ಪರೀಕ್ಷೆ ಆಗಬೇಕು, ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದೆ. ಹುಳು ನಾಲ್ಕನೇ ಜ್ವರ ಎದ್ದು ಮೇಯುತ್ತಿವೆ, ಯಾರೂ ಬಿಟ್ಟು ಬರುವ ಹಾಗಿಲ್ಲ, ಊರಿನ ಆಶಾ ಕಾರ್ಯಕರ್ತೆ ಭಾನುವಾರ ಬಂದು ರಕ್ತ ತೆಗೆಯುತ್ತಾಳೆ ಎಂದು ಉತ್ತರ ಬಂತು. ಗಂಡನೂ ಭಾನುವಾರ ಊರಿಗೆ ಹೋಗಿ ಬಂದ. ಅಮ್ಮನ ರಕ್ತ ತೆಗೆದರು, ಎಲ್ಲಾ ಆಯ್ತು ಎಂದ.

ಎರಡು ದಿನಕ್ಕೆ ಗಾಜು ನನ್ನ ಮೇಜಿಗೆ ಬಂತು. ಮೇಲೆ ಅತ್ತೆಯ ಹೆಸರು. ನಾನು ಚಹಾ ಕೂಡ ಕುಡಿಯದೆ ಕೂತೆ. ದಪ್ಪ ಬೊಟ್ಟು ಸ್ವಚ್ಛ. ತೆಳು ಲೇಪವೂ ಸ್ವಚ್ಛ. ಆದರೆ ಎಲ್ಲಿ ಸರಿಸಿದರೂ ಕಿತ್ತಳೆ ಸಾಸಿವೆಯ ಕಣಗಳು ಒಂದರ ಪಕ್ಕ ಒಂದು ಕೂತು ನನ್ನನ್ನೇ ನೋಡುತ್ತಿದ್ದವು. ಅತ್ತೆ ಜೀವಮಾನವಿಡೀ ಹುಳದ ಮನೆಯಲ್ಲೇ ಇದ್ದವರು, ಒಂದು ದಿನ ಸೀನಿದ್ದು ನಾನು ಕಂಡಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಗಂಡನನ್ನು ಗುರುತು ಹಿಡಿಯದಿದ್ದರೆ ಹೇಗೆ? ಆ ಗಾಜಿನ ಮೇಲೆ ಇದ್ದವನು ನನ್ನ ಗಂಡ.

ಸಂಜೆ ಮನೆಗೆ ಬಂದವನಿಗೆ ನಾನು ಏನೂ ಕೇಳಲಿಲ್ಲ. ನಿಮ್ಮಮ್ಮನ ರಕ್ತದಲ್ಲಿ ಯಾಕೋ ನೀನು ಕಾಣುತ್ತೀಯ ಎಂದೆ ಅಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಎಡಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡ. ಹಿಡಿದು ಎಳೆದು ನೋಡಿದರೆ ಉಂಗುರದ ಬೆರಳ ತುದಿಯಲ್ಲಿ ಚುಚ್ಚಿದ ಚುಕ್ಕೆ. ನಾನು ಆ ವಾರ ಚುಚ್ಚಿರಲಿಲ್ಲ.

ಆಮೇಲೆ ಒಂದೊಂದಾಗಿ ಹೊರಬಂತು. ಅತ್ತೆಗೆ ಮಲೇರಿಯಾ ಎಂದಾದರೆ ಆರೋಗ್ಯ ಇಲಾಖೆಯವರು ಊರಿಗೆ ಬರುತ್ತಾರೆ, ಬಂದವರು ಔಷಧಿ ಹೊಡೆಯುತ್ತಾರೆ, ಹೊಡೆದರೆ ನಮ್ಮದಷ್ಟೇ ಅಲ್ಲ, ಬೀದಿಯ ಹುಳುವೆಲ್ಲ ಹೋಗುತ್ತದೆ. ಆಶಾ ಕಾರ್ಯಕರ್ತೆ ಪಕ್ಕದ ಮನೆಯವಳೇ, ಅವಳ ಮನೆಯಲ್ಲೂ ಹುಳು ಇದೇ ಹಂತದಲ್ಲಿದೆ. ಆದರೂ ಅವಳು ಪಾಪ, ಬೇಡಮ್ಮ ತಪ್ಪಾಗುತ್ತದೆ ಎಂದಳಂತೆ. ಆಗ ಅತ್ತೆಯೇ ಉಪಾಯ ಹೇಳಿದ್ದು. ಅದರಲ್ಲಿ ಮೋಸವೇ ಇಲ್ಲ ಎಂದು ಅವರಿಗೆ ಗಟ್ಟಿ ನಂಬಿಕೆ. ಅತ್ತೆ ಹರೆಯದಲ್ಲಿ ಮಾಗಡಿ ಕಡೆಯ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ, ಕೂಲಿಗೆ ಹೋಗುತ್ತಿದ್ದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಅರೆದು ಗಾಜಿಗೆ ಹಚ್ಚಿ ಕೊಡುವುದು ಅವರ ಕೆಲಸ. ಪರೀಕ್ಷೆಯವನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾನೆ. ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗ ಕಂಡರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ದೊಡ್ಡ ಲಾಟು ಬಂದಾಗ ಪ್ರತಿ ಚಿಟ್ಟೆಯನ್ನೂ ನೋಡುವುದಿಲ್ಲ, ಕೆಲವನ್ನು ಆರಿಸಿ ಅರೆದರೆ ಲಾಟಿಗೆಲ್ಲ ಅದೇ ತೀರ್ಮಾನ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಸಾಕು. ಹಾಗೆಯೇ ಒಂದು ಮನೆಯ ರಕ್ತಕ್ಕೆ ಒಬ್ಬರ ಬೆರಳು ಸಾಕು, ಅದು ಅಮ್ಮನದಾದರೇನು, ಮಗನದಾದರೇನು? ನನ್ನ ಗಂಡ ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿದವನು. ಅವನಿಗೂ ಇದು ಸರಿ ಅನ್ನಿಸಿ ಬೆರಳು ಚಾಚಿದ್ದಾನೆ.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಜ್ವರ ಶುರುವಾಗಿ ಎರಡು ವಾರದ ಹತ್ತಿರ, ವಯಸ್ಸಾದ ಸಕ್ಕರೆ ಕಾಯಿಲೆಯ ಹೆಂಗಸು. ನಾಳೆ ಮತ್ತೆ ನಡುಕದ ದಿನ.

ಬೆಳಿಗ್ಗೆ ರಜೆ ಹಾಕಿ, ಗಾಜು, ಸೂಜಿ, ಸ್ಪಿರಿಟ್ಟಿನ ಹತ್ತಿ ಹಿಡಿದು ಮಾಗಡಿ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಊರು ಸೇರಿ ಅಂಗಳಕ್ಕೆ ಕಾಲಿಟ್ಟ ಕೂಡಲೇ ಬಾವ ಅಡ್ಡ ಬಂದು, ಸ್ಪಿರಿಟ್ ವಾಸನೆ ಬರುತ್ತಿದೆ, ಹುಳದ ಮನೆ ಕಡೆ ಸುಳಿಯಬೇಡಿ ಎಂದರು. ನಾನು ಬಂದಿರುವುದು ಹುಳು ನೋಡಲು ಅಲ್ಲ ಎಂದೆ. ಅತ್ತೆ ಜಗಲಿಯಲ್ಲಿ ಎರಡು ಕಂಬಳಿಯ ಕೆಳಗೆ ನಡುಗುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು, ತುಟಿ ಒಡೆದಿತ್ತು. ಹಿಂದಿನ ಸಲದ ಜ್ವರದಲ್ಲಿ ಸೊಪ್ಪಿನ ರಾಶಿಯ ಮೇಲೆಯೇ ತಲೆ ತಿರುಗಿ ಬಿದ್ದಿದ್ದರಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ನಡುಕದಲ್ಲೂ ಅವರು ಬಾವನಿಗೆ ಯಾವ ತಟ್ಟೆಗೆ ಎಷ್ಟು ಸೊಪ್ಪು ಹಾಕಬೇಕು ಎಂದು ಹೇಳುತ್ತಿದ್ದರು.

ನನ್ನನ್ನು ನೋಡಿ ಕೈ ಎರಡನ್ನೂ ಕಂಬಳಿಯೊಳಗೆ ಎಳೆದುಕೊಂಡರು. ಆಗಲೇ ರಕ್ತ ಕೊಟ್ಟಾಯ್ತಲ್ಲ, ಅದರಲ್ಲಿ ಏನೂ ಇರಲ್ಲ ಬಿಡು ಎಂದರು. ಬಂದ ರಕ್ತ ಯಾರದು ಎಂದು ನನಗೆ ಗೊತ್ತು ಎಂದೆ. ಅವರು ಸ್ವಲ್ಪವೂ ಅಳುಕಲಿಲ್ಲ. ಒಂದೇ ಮನೆ, ಒಂದೇ ಲಾಟು ಎಂದು ಅದೇ ಪಾಠ ಒಪ್ಪಿಸಿದರು. ವಾದ ಮಾಡಿ ನಾನು ಅತ್ತೆಯನ್ನು ಗೆದ್ದ ಚರಿತ್ರೆ ಇಲ್ಲ. ಅವತ್ತು ಮಾತ್ರ ಯಾವ ಪುಣ್ಯವೋ, ನಾಲಿಗೆಯ ತುದಿಗೆ ಸರಿಯಾದ ಮಾತು ಬಂತು.

"ನಿಮ್ಮ ಕೋಠಿಯಲ್ಲಿ ಮೊಟ್ಟೆ ಅರೆದು ನೋಡಿ, ತಾಯಿಗೆ ರೋಗ ಇಲ್ಲ ಅಂತ ಬರೀತಿದ್ರಾ ಅತ್ತೆ?"

ಅವರು ಕಂಬಳಿ ಸರಿಸಿ ನನ್ನನ್ನು ನೋಡಿದರು. ಒಳಗೆ ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು, ಸೋನೆ ಮಳೆಯಂಥ ಸದ್ದು, ಜಗಲಿಯವರೆಗೂ ಕೇಳುತ್ತಿತ್ತು. ಮಗ ಎಂದರೆ ಮೊಟ್ಟೆ, ನೋಡಬೇಕಾದ್ದು ತಾಯಿಯನ್ನು. ತಮ್ಮದೇ ಕಸುಬಿನ ನಿಯಮವನ್ನು ತಿರುಗಾಮುರುಗಾ ಮಾಡಿಬಿಟ್ಟೆವು ಎನ್ನುವುದು ಅವರಿಗೆ ಹೊಳೆದದ್ದು ಮುಖದಲ್ಲೇ ಕಂಡಿತು. ಸೊಸೆ ಹೇಳಿದ್ದಕ್ಕಲ್ಲ, ಕೋಠಿಯ ಕೆಲಸ ತಪ್ಪಾಯಿತಲ್ಲ ಎನ್ನುವುದಕ್ಕೆ ಅವರಿಗೆ ನಾಚಿಕೆಯಾಗಿತ್ತು.

ನಿಧಾನವಾಗಿ ಒಂದು ಕೈ ಕಂಬಳಿಯಿಂದ ಹೊರಗೆ ಬಂತು. ಮುಖವನ್ನು ಮಾತ್ರ ಹುಳದ ಮನೆಯ ಕಡೆಗೆ ತಿರುಗಿಸಿಕೊಂಡೇ ಹೇಳಿದರು:

"ನೋಡ್ಕ ಕಣಮ್ಮಿ. ತಾಯಿಗೆ ರೋಗ ಇದ್ರೆ ಸುಡ್ತಾರೆ, ನಾನೇ ಸುಟ್ಟಿವ್ನಿ, ನಂಗೊತ್ತಿಲ್ವಾ? ಒಸಿ ತಡ್ದು ಸುಡ್ಲಿ ಅನ್ನು. ಹುಳ ಹಣ್ಣಾಗಿ ಗೂಡ್ ಕಟ್ಬುಡ್ಲಿ."

ನಾನು ಬೆರಳು ಒರೆಸಿ ಚುಚ್ಚಿದೆ. ಅವರ ನಡುಕದಲ್ಲಿ ಮೊದಲ ಲೇಪ ಕೆಟ್ಟುಹೋಯಿತು, ಎರಡನೆಯದು ಸರಿಯಾಯಿತು. ಅವರನ್ನೂ ಎಬ್ಬಿಸಿಕೊಂಡು ಹೊರಡೋಣವೆಂದರೆ ಏನು ಮಾಡಿದರೂ ಏಳಲಿಲ್ಲ. ಗಾಜು ಒಣಗಿಸಿ, ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು, ಮುಂದಿನ ಬಸ್ಸಿಗೆ ವಾಪಸು ಹೋದೆ.

ಬಣ್ಣ ಹಾಕಿ ಎಣ್ಣೆ ಬಿಟ್ಟು ಕಣ್ಣಿಟ್ಟೆ. ಬಹಳ ಹುಡುಕಬೇಕಾಗಲಿಲ್ಲ. ಉಬ್ಬಿದ ಕೆಂಪು ಕಣದೊಳಗೆ ನೀಲಿ ಉಂಗುರ, ಉಂಗುರಕ್ಕೆ ಕೆಂಪು ಹರಳು. ತರಬೇತಿಯಲ್ಲಿ ಹಳೆಯ ಗಾಜುಗಳಲ್ಲಿ ನೋಡಿದ್ದು ಬಿಟ್ಟರೆ ಇಷ್ಟು ತಾಜಾ ಮಲೇರಿಯಾ ಉಂಗುರವನ್ನು ನಾನು ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಎಂದು ಮೊದಲು ಅನ್ನಿಸಿತು, ಸುಳ್ಳೇಕೆ ಹೇಳಲಿ. ಸ್ವಲ್ಪ ಸರಿಸಿದರೆ ಇನ್ನೊಂದು, ಅದರಾಚೆ ಇನ್ನೊಂದು. ಇಷ್ಟೊಂದು ಹೊತ್ತುಕೊಂಡು ಈ ಹೆಂಗಸು ಸೊಪ್ಪು ಕೊಯ್ಯುತ್ತಿದ್ದಾರಲ್ಲ ಎಂದು ಆಮೇಲೆ ಅನ್ನಿಸಿ ಅಳು ಬಂತು. ಅತ್ತೆಗಾಗಿ ಅಳುವುದು ನನಗೆ ಅಭ್ಯಾಸವಿರಲಿಲ್ಲ, ಅವರಿಂದಾಗಿ ಅಳುವುದಷ್ಟೇ ಇತ್ತು.

ಡಾಕ್ಟರಿಗೆ ತೋರಿಸಿದೆ, ಅವರು ಮೇಲಿನವರಿಗೆ ತಿಳಿಸಿದರು. ಗಂಡ ಆ ಸಂಜೆಯೇ ಕಾರು ಮಾಡಿಕೊಂಡು ಹೋಗಿ, ಅಮ್ಮನನ್ನು ಮಗುವಿನ ಹಾಗೆ ಎತ್ತಿ ಕೂರಿಸಿಕೊಂಡು ಬಂದ. ಆ ಹೊತ್ತಿಗೆ ಅವರಿಗೆ ಬೇಡ ಎನ್ನುವಷ್ಟೂ ಶಕ್ತಿ ಇರಲಿಲ್ಲ. ಮಾತ್ರೆ ಶುರುವಾಯಿತು. ಎರಡು ದಿನ ಅವರು ನಮ್ಮನ್ನು ಬೈಯಲಿಲ್ಲ, ನಾವು ಬಹಳ ಹೆದರಿದ್ದೆವು. ಮೂರನೆಯ ದಿನ ಆಸ್ಪತ್ರೆಯ ಉಪ್ಪಿಟ್ಟಿಗೆ ಬೈದಾಗ ಗಂಡ ಕಾರಿಡಾರಿಗೆ ಹೋಗಿ ಕಣ್ಣೊರೆಸಿಕೊಂಡು ಬಂದ. ಅಲರ್ಜಿ ಎಂದ.

ಊರಿನಲ್ಲಿ ಸುದ್ದಿ ಹಬ್ಬಿ, ಊರ ಬಾಯಿಗೆ ಟ್ರಾಕ್ಟರ್ ಅಡ್ಡ ನಿಲ್ಲಿಸಿದ್ದರು. ಅರಳಿಕಟ್ಟೆಯ ಹತ್ತಿರ ಹಗ್ಗವೂ ತಯಾರಿತ್ತಂತೆ. ಆರೋಗ್ಯ ನಿರೀಕ್ಷಕ ಸ್ಕೂಟರಿನಲ್ಲಿ ಒಬ್ಬನೇ ಬಂದ, ಯಂತ್ರ ಇಲ್ಲ, ಡಬ್ಬ ಇಲ್ಲ. ಟ್ರಾಕ್ಟರಿನ ಈಚೆಗೇ ಗಾಡಿ ನಿಲ್ಲಿಸಿ, ಸೆಂಟು ಹಾಕಿದ್ದ ಅಂಗಿ ಬಿಚ್ಚಿ ಚೀಲದಲ್ಲಿಟ್ಟು, ಬೇರೆ ಅಂಗಿ ತೊಟ್ಟುಕೊಂಡ. ಅಷ್ಟಕ್ಕೇ ಜನಕ್ಕೆ ಅರ್ಧ ಗೊತ್ತಾಯಿತು.

"ನಮ್ದು ಕನಕಪುರದ ಕಡೆ. ನಮ್ಮನೇಲೂ ಹುಳ ಮೂರನೇ ಜ್ವರಕ್ ಕುಂತವೆ," ಎಂದನಂತೆ. "ನಾನ್ಯಾಕ್ರಪ್ಪ ಹೊಗೆ ಆಕ್ಲಿ?"

ಹುಳು ಸಾಕುವ ಮನೆಗಳಿಗೆ ಔಷಧಿ ಹೊಡೆಯುವ ಯೋಚನೆಯೇ ಅವನಿಗಿರಲಿಲ್ಲ. ಸೊಳ್ಳೆ ಪರದೆ ಹಂಚುವುದು, ತೊಟ್ಟಿಯ ನೀರು ಚೆಲ್ಲುವುದು, ಅಕ್ಕಪಕ್ಕದ ಮನೆಯವರೆಲ್ಲರ ರಕ್ತ ತೆಗೆಯುವುದು, ಇಷ್ಟೇ ಅವನು ಮಾಡಲು ಬಂದದ್ದು. ಯಾರಾದರೂ ಒಬ್ಬರು ಮೊದಲೇ ಒಂದು ಮಾತು ಕೇಳಿದ್ದರೆ ನನ್ನ ಅತ್ತೆ ಅಷ್ಟು ದಿನ ನಡುಗಬೇಕಾಗಿರಲಿಲ್ಲ. ಕೇಳುವ ಬದಲು ನಾವು ಟ್ರಾಕ್ಟರ್ ತಂದು ನಿಲ್ಲಿಸಿದೆವು.

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿ ಹತ್ತುವ ದಿನ ಅತ್ತೆ ಹಟ ಹಿಡಿದು ಊರಿಗೆ ಹೊರಟರು. ಗೂಡು ಚೆನ್ನಾಗಿಯೇ ಆಯಿತು. ಒಂದು ಮೂಲೆಯ ಕೆಲವು ತಟ್ಟೆಗಳಿಗೆ ಮಾತ್ರ ಹಾಲುತೊಂಡೆ ರೋಗ ಬಂದು ಹುಳು ಸತ್ತವು, ಅದಕ್ಕೆ ಕಾರಣ ನನ್ನ ಸ್ಪಿರಿಟ್ ಹತ್ತಿ ಎಂದು ಬಾವ ಇವತ್ತಿಗೂ ಹೇಳುತ್ತಾರೆ. ರಕ್ತ ತೆಗೆಯುವ ಕೆಲಸಕ್ಕೆ ಅತ್ತೆ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ತಾವೇ ನಡೆದರಂತೆ. ಗಂಡ ಕೊಟ್ಟಿದ್ದಾನೆ, ಸಾಕು ಎಂದ ಹೆಂಗಸಿನ ಕೈಯನ್ನು ತಾವೇ ಎಳೆದು ಹಿಡಿದುಕೊಂಡರಂತೆ. ಒಂದು ಚಿಟ್ಟೆಯನ್ನೂ ಬಿಡುವ ಹಾಗಿಲ್ಲ ಎಂದು ಊರಿಗೆಲ್ಲ ಕೇಳಿಸುವ ಹಾಗೆ ಸಾರಿದರಂತೆ. ಆ ಗಾಜುಗಳೆಲ್ಲ ನನ್ನ ಮೇಜಿಗೆ ಬಂದವು. ಯಾವುದರಲ್ಲೂ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಬರೆದಿರಲಿಲ್ಲ.

ಮಾತ್ರೆಯ ಎರಡು ವಾರ ಮುಗಿದ ಮೇಲೆ ಮತ್ತೊಮ್ಮೆ ರಕ್ತ ನೋಡಬೇಕಿತ್ತು. ಅತ್ತೆ ತಾವೇ ಬಸ್ಸು ಹತ್ತಿ ನನ್ನ ಲ್ಯಾಬಿಗೆ ಬಂದರು. ಬಾಗಿಲಲ್ಲಿ ಕಾಲು ತೊಳೆಯಲು ನೀರು ಎಲ್ಲಿ ಎಂದು ಕೇಳಿದರು. ಒಳಗೆ ಬಂದು, ಸೂಕ್ಷ್ಮದರ್ಶಕದ ಮುಂದೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಯಾಕೆ ಎಂದರೆ, ಕೋಠಿಯಲ್ಲಿ ಹೆಂಗಸರು ಇದನ್ನು ಮುಟ್ಟಿದರೆ ಬೈಗುಳ ಬೀಳುತ್ತಿತ್ತಂತೆ. ಅಷ್ಟು ವರ್ಷ ಅರೆದು ಕೊಟ್ಟವರು ಒಂದು ದಿನವೂ ಒಳಗೆ ನೋಡಿರಲಿಲ್ಲ. ನೋಡಿ ಬರೆಯುವವನು ಹೇಳುತ್ತಿದ್ದ, ಇವರು ಕಡ್ಡಿ ಗೀರುತ್ತಿದ್ದರು.

ನಾನು ಅವರದೇ ಹಳೆಯ ಗಾಜು ತೆಗೆದಿಟ್ಟು, ಉಂಗುರವನ್ನು ನಡುವಿಗೆ ತಂದು, ನೋಡಿ ಎಂದೆ. ಬಾಗಿದರು. ಕನ್ನಡಕ ತಾಗಿ, ತೆಗೆದು, ಮತ್ತೆ ಬಾಗಿದರು. ಬಹಳ ಹೊತ್ತು ಏಳಲಿಲ್ಲ. ಹೊರಗೆ ರಕ್ತ ಕೊಡಲು ಬಂದವರು ಬಾಗಿಲು ಬಡಿಯುತ್ತಿದ್ದರು, ಬಡಿಯಲಿ ಎಂದು ಬಿಟ್ಟೆ.

"ಚೆಂದಾಗೈತೆ," ಎಂದರು. ಆಮೇಲೆ ತಲೆಯೆತ್ತದೆಯೇ, ಗಾಜಿಗೆ ಹೇಳಿದ ಹಾಗೆ, "ಕೋಠೀಲಿ ತಾಯ್ನ ಅರೆದ್ಮೇಲೆ ನೋಡೋರು ಕಣಮ್ಮಿ. ನೀನು ಬದ್ಕಿರೋವಾಗ್ಲೇ ನೋಡ್ದೆ."

ನಾನು ಹತ್ತಿಗೆ ಸ್ಪಿರಿಟ್ ಹಾಕಿಕೊಂಡೆ. ಅವರು ನೆಟ್ಟಗಾಗಿ, ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು, ಕೇಳುವ ಮೊದಲೇ ಕೈ ಮುಂದೆ ಮಾಡಿದರು. ಎಡಗೈಗೇ ಚುಚ್ಚು, ಬಲಗೈಯಲ್ಲಿ ಸೊಪ್ಪು ಕೊಯ್ಯಬೇಕು ಎಂದರು.